ಎಂಜಿಬಿಗೆ ಚಕ್ರ, ಟೈರ್ ಆರಿಸುವಾಗ

ತೀರ್ಥಹಳ್ಳಿಯ ಮಳೆಯಲ್ಲಿ ಓಡುವ ಗಾಡಿ ನಮ್ಮದು, 1967ರ ಎಂಜಿಬಿ ಅನ್ನೋ ಬ್ರಿಟಿಷ್ ಸ್ಪೋರ್ಟ್ಸ್ ಕಾರು. ಟೈರಿಗೆ 165/80 ಆರ್14 ಅಳತೆ ಸಾಕು. ಹಲವು ಸ್ವಿಫ್ಟ್‌ಗಳಿಗೂ ಅದೇ, ಹಾಗಾಗಿ ಶಿವಮೊಗ್ಗದಲ್ಲೇ ಸಿಗುತ್ತದೆ. ಸುಮ್ನೆ ಅಗಲ ಜಾಸ್ತಿ ಮಾಡಬೇಡಿ. ಸ್ಟೀರಿಂಗ್ ಭಾರವಾಗುತ್ತದೆ, ಆಗುಂಬೆಯ 14 ತಿರುವಿನಲ್ಲಿ ತೋಳು ಸೋಲುತ್ತದೆ. ಟೈರಿನ ಬದಿಯಲ್ಲಿ ತಯಾರಾದ ವಾರವನ್ನೂ ನೋಡಿ: 1824 ಅಂದರೆ 2024ರ 18ನೇ ವಾರ.

ಹಳೇ ಸ್ಪೋಕ್ ಚಕ್ರಕ್ಕೆ ಟ್ಯೂಬ್ ಬೇಕೇ ಬೇಕು. ಒಂದೊಂದು ಸ್ಪೋಕನ್ನೂ ಸ್ಪ್ಯಾನರಿನಿಂದ ಮೆಲ್ಲಗೆ ತಟ್ಟಿ. ಠಣ್ ಅಂದರೆ ಬಿಗಿ, ದಡ್ ಅಂದರೆ ಸಡಿಲ.

ಆಮೇಲೆ ಜ್ಯಾಕ್ ಕೊಡಿ. ಒಬ್ಬರು ಬ್ರೇಕ್ ಒತ್ತಿ ಹಿಡಿಯಲಿ, ನೀವು ಚಕ್ರವನ್ನು ಹಿಂದೆ ಮುಂದೆ ಅಲುಗಿಸಿ. ಕಟಕ್ ಅಂದರೆ ಚಕ್ರ ಕೂರುವ ಹಬ್ಬಿನ ಹಲ್ಲು ಸವೆದಿರಬಹುದು. ನಾನು ಚಕ್ರ ಮಾತ್ರ ಬದಲಿಸಿದ್ದೆ. ಹಳೇ ಹಬ್ ಹೊಸ ಚಕ್ರದ ಹಲ್ಲನ್ನೂ ತಿಂದುಹಾಕಿತು. ಎರಡನ್ನೂ ಒಟ್ಟಿಗೇ ಬದಲಿಸಿ.