ನಾಲ್ಕನೇ ನರ ಮೆಟ್ಟಿಲ ಮೇಲೆ

ನಾನು ವೈದ್ಯಕೀಯ ವಿದ್ಯಾರ್ಥಿನಿ. ಮನೆ ಬದಲಿಸಲೇಬೇಕು ಅಂತ ಆದಾಗ ನನ್ನ ಮೆಡಿಸಿನ್ ಪೋಸ್ಟಿಂಗ್, ಅಂದರೆ ಆ ವಿಭಾಗದ ವಾರ್ಡಿನಲ್ಲಿ ಕಲಿಯುವ ಸರದಿ, ನಡೆಯುತ್ತಿತ್ತು. ಇಂಟರ್ನಲ್ಸ್‌ಗೆ, ಅಂದರೆ ಕಾಲೇಜಿನ ಆಂತರಿಕ ಪರೀಕ್ಷೆಗೆ, ಐದೇ ವಾರ. ಮಗಳಿಗೆ ನಾಲ್ಕು ವರ್ಷ. ಗಂಡ ಬೆಳಗ್ಗೆ ಕೆಲಸಕ್ಕೆ ಹೋದರೆ ಬರುವುದು ರಾತ್ರಿಗೆ.

ಮೊದಲು ನನ್ನ ತಪ್ಪು ಹೇಳಿಬಿಡುತ್ತೇನೆ. ರಾತ್ರಿ ಒಂದು ಗಂಟೆ ಓದು, ಒಂದು ಗಂಟೆ ಪ್ಯಾಕಿಂಗ್, ನಡುವೆ ಮಗಳ ಜೊತೆ ಆಟ ಅಂತ ಟೈಮ್‌ಟೇಬಲ್ ಬರೆದು ಫ್ರಿಜ್ಜಿಗೆ ಅಂಟಿಸಿದೆ. ನಾಲ್ಕೇ ದಿನಕ್ಕೆ ಅದು ಕೈಕೊಟ್ಟಿತು. ಒಂದು ಕೈಯಲ್ಲಿ ಟೇಪು, ಇನ್ನೊಂದರಲ್ಲಿ ನೋಟ್ಸು. ಮಗಳು ಏನೋ ಕೇಳಿದರೆ ಸುಮ್ನೆ 'ಹ್ಞೂಂ' ಅನ್ನುತ್ತಿದ್ದೆ. ಅವಳು ಕೇಳಿದ್ದೂ ನೆನಪಿಲ್ಲ, ನಾನು ಓದಿದ್ದೂ ನೆನಪಿಲ್ಲ.

ಕೊನೆಗೆ ಗಂಡನೇ ಅಂದ, "ನಿನ್ನ ಪುಸ್ತಕ ಮಾತ್ರ ನೀನು ಕಟ್ಟು. ಮಿಕ್ಕಿದ್ದು ನನಗೆ ಬಿಡು." ಬಿಡುವುದು ಕಷ್ಟವಾಯಿತು. ಎಲ್ಲದಕ್ಕೂ ಕೈ ಹಾಕುವ ಚಟ ನನಗೆ. ಆದರೂ ಒಪ್ಪಿದೆ. ವಾರದ ದಿನಗಳಲ್ಲಿ ಡಬ್ಬ ಮುಟ್ಟುವಂತಿಲ್ಲ, ಪ್ಯಾಕಿಂಗ್ ಏನಿದ್ದರೂ ಭಾನುವಾರ. ಮಗಳು ಮಲಗುವ ತನಕ ಪುಸ್ತಕ ತೆರೆಯುವಂತಿಲ್ಲ. ಸಾಮಾನು ಸಾಗಿಸುವ ದಿನದ ಹಿಂದಿನ ರಾತ್ರಿಯೇ ನನಗೆ ನೈಟ್ ಡ್ಯೂಟಿ ಬಿದ್ದಿತ್ತು. ಗೆಳತಿಯ ಜೊತೆ ಅದನ್ನು ಬದಲಾಯಿಸಿಕೊಂಡೆ. ರಾತ್ರಿಯಿಡೀ ಎಚ್ಚರ ಇದ್ದವರು ಭಾರ ಎತ್ತಬಾರದು, ಗಾಡಿಯಂತೂ ಓಡಿಸಲೇಬಾರದು.

ಪುಸ್ತಕಗಳನ್ನು ಚಿಕ್ಕ ಡಬ್ಬಗಳಲ್ಲೇ ತುಂಬಿ. ದೊಡ್ಡದರಲ್ಲಿ ತುಂಬಿದ್ದಕ್ಕೆ ತಳ ಕಿತ್ತು ಪೆಥಾಲಜಿಯೆಲ್ಲ ನೆಲಕ್ಕೆ ಬಿತ್ತು. ಸ್ಟೆತ್, ಏಪ್ರನ್, ಐಡಿ ಕಾರ್ಡ್, ಲಾಗ್‌ಬುಕ್, ಮಗಳ ಲಸಿಕೆ ಕಾರ್ಡ್ ನನ್ನ ಬೆನ್ನ ಮೇಲಿನ ಬ್ಯಾಗಿನಲ್ಲೇ ಇದ್ದವು. ಮಗಳ ಹೊದಿಕೆಯನ್ನು ಬೇಕಂತಲೇ ಒಗೆಯಲಿಲ್ಲ, ಹಳೇ ಮನೆಯ ವಾಸನೆ ಇರಲಿ ಅಂತ. ಹೊಸ ಮನೆಯಲ್ಲಿ ಮೊದಲು ಜೋಡಿಸಿದ್ದೂ ಅವಳ ಹಾಸಿಗೆಯನ್ನೇ. ಅಷ್ಟಾದರೂ ಮೂರು ರಾತ್ರಿ ಎದ್ದು ಅತ್ತಳು.

ನಾನು ಅತ್ತಿದ್ದು ನಾಲ್ಕನೇ ದಿನ. ನರಮಂಡಲದ ಬಿಡಿ ಹಾಳೆಗಳ ನೋಟ್ಸ್ ಎಲ್ಲೂ ಸಿಗಲಿಲ್ಲ! ವಾರ್ಡಿನಲ್ಲಿ ಅದೇ ವಾರ 12 ಜೋಡಿ ಕ್ರೇನಿಯಲ್ ನರಗಳ (ಮೆದುಳಿನಿಂದ ನೇರವಾಗಿ ಹೊರಡುವ ನರಗಳ) ಪರೀಕ್ಷೆ ಮಾಡಿ ತೋರಿಸಬೇಕಿತ್ತು.

ಅವತ್ತು ಸಂಜೆ ಬಾಗಿಲು ತೆಗೆದರೆ ಬಣ್ಣದ ವಾಸನೆ ಗಪ್ಪಂತ ಹೊಡೆಯಿತು. ವಾಸನೆ ಅಂದರೆ ಮೊದಲನೇ ನರ, ಅಲ್ವಾ? ಅಲ್ಲಿಂದ ಶುರುವಾಯಿತು, ಮನೆಯ ಒಂದೊಂದು ಜಾಗಕ್ಕೆ ಒಂದೊಂದು ನರ ಅಂಟಿಸಿ ನೆನಪಿಡುವುದು. ಕಿಟಕಿಗೆ ಎರಡನೇದು, ನೋಟದ್ದು. ಮೆಟ್ಟಿಲಿಗೆ ನಾಲ್ಕನೇದು. ಆ ನರ ಸೋತರೆ ಕೆಳಗೆ ನೋಡುವಾಗ ಒಂದು ಎರಡಾಗಿ ಕಾಣುತ್ತದೆ, ಮೆಟ್ಟಿಲು ಇಳಿಯುವಾಗಲೇ ತೊಂದರೆ ಜಾಸ್ತಿ. ಬಲ್ಬ್ ಹಾಕಲು ಹತ್ತಿದ ಅಲುಗಾಡುವ ಸ್ಟೂಲಿಗೆ ಎಂಟನೇದು, ಕಿವಿ ಮತ್ತು ಸಮತೋಲನ. ಬಾಯಿ ಮುಕ್ಕಳಿಸುವ ಸಿಂಕಿಗೆ ಒಂಬತ್ತು, ಹತ್ತು ಎರಡನ್ನೂ ತಳ್ಳಿದೆ, ಪರೀಕ್ಷೆಯಲ್ಲೂ ಅವನ್ನು ಒಟ್ಟಿಗೇ ನೋಡುತ್ತೇವೆ. ಭುಜ ಎತ್ತಿಸುವ ಹನ್ನೊಂದನೇದು ಡಬ್ಬಗಳ ರಾಶಿಗೆ. ಕನ್ನಡಿ ಮುಂದೆ ಮಗಳು ನಾಲಿಗೆ ಚಾಚಿದಳು. ಹನ್ನೆರಡನೇದೂ ಸಿಕ್ಕಿತು.

ಅವಳಿಗೆ ಅದು ಆಟವಾಗಿಬಿಟ್ಟಿತು. ಮೆಟ್ಟಿಲಿಗೆ ಬಂದರೆ "ನಾಕು!" ಅಂತ ಕೂಗುತ್ತಿದ್ದಳು. ಹೊಸ ಮನೆಯ ಭಯವೂ ಹಾಗೇ ಕಡಿಮೆಯಾಯಿತು ಅನ್ನಿಸುತ್ತದೆ. ಓದುವಾಗ ಮಗು ಹತ್ತಿರ ಇರಬಾರದು ಅನ್ನುವವರ ಮಾತನ್ನು ನಾನೀಗ ಪೂರ್ತಿ ನಂಬುವುದಿಲ್ಲ. ಆದರೆ ಔಷಧಿಗಳ ಪಾಠವಾದ ಫಾರ್ಮಕಾಲಜಿಗೆ ಈ ಉಪಾಯ ನಡೆಯಲಿಲ್ಲ. ಅದನ್ನು ಅವಳು ಮಲಗಿದ ಮೇಲೆಯೇ ಓದಬೇಕಾಯಿತು.

ವಾರ್ಡಿನಲ್ಲಿ ಆರನೇ ನರದ ಹತ್ತಿರ ತಡವರಿಸಿದೆ. ಮನೆಯಲ್ಲಿ ಅದಕ್ಕೆ ಜಾಗ ಕೊಡುವುದನ್ನೇ ಮರೆತಿದ್ದೆ. ಉಳಿದದ್ದು ಸಲೀಸಾಗಿ ಬಂತು.

ನೋಟ್ಸ್ ಸಿಕ್ಕಿದ್ದು ಇಂಟರ್ನಲ್ಸ್ ಮುಗಿದ ಮೇಲೆ, ಅಡುಗೆಮನೆಯ ಡಬ್ಬದಲ್ಲಿ. ಗಂಡ ಒಂದೊಂದು ಗಾಜಿನ ಲೋಟಕ್ಕೂ ಒಂದೊಂದು ಹಾಳೆ ಸುತ್ತಿಟ್ಟಿದ್ದ. ಲೋಟ ಒಂದೂ ಒಡೆದಿರಲಿಲ್ಲ.