ಬೀಜದ ಉಂಡೆಯಿಂದ ಸೊಪ್ಪಿನ ಕಟ್ಟಿನವರೆಗೆ: ಮನೆಯಲ್ಲಿ ಪಾಲಕ್ ಬೆಳೆಯುವ ಬಗೆ

ಪಾಲಕ್ ಬೀಜದ ಪೊಟ್ಟಣವನ್ನು ತೆರೆದು ಒಂದಿಷ್ಟನ್ನು ಅಂಗೈ ಮೇಲೆ ಹರಡಿಕೊಂಡು ನೋಡಿ. ಅದು ಸಾಸಿವೆಯಂತೆ ನುಣುಪಾಗಿರುವುದಿಲ್ಲ, ದಂಟಿನ ಬೀಜದಂತೆ ಮಿರುಗುವುದೂ ಇಲ್ಲ. ಒಣಗಿದ ಮಣ್ಣಿನ ಹೆಂಟೆಯಿಂದ ಉದುರಿದ ಚೂರಿನಂತೆ ಕಂದು ಬಣ್ಣದ, ಅಲ್ಲಲ್ಲಿ ಉಬ್ಬಿದ, ಬೆಂಡಿನಷ್ಟು ಹಗುರವಾದ ಉಂಡೆಯಾಗಿರುತ್ತದೆ. ನಾವು ಬೀಜವೆಂದು ಕರೆಯುವ ಈ ಉಂಡೆಯು ವಾಸ್ತವವಾಗಿ ಎರಡು ಮೂರು ಪುಟ್ಟ ಕಾಯಿಗಳು ಒಂದಕ್ಕೊಂದು ಅಂಟಿಕೊಂಡು ಒಣಗಿದ ಗೊಂಚಲು, ಮತ್ತು ನಿಜವಾದ ಬೀಜಗಳು ಅದರೊಳಗೆ ಒಂದೊಂದು ಗೂಡಿನಲ್ಲಿ ಒಂದೊಂದರಂತೆ ಅಡಗಿರುತ್ತವೆ. ಈ ಒಂದು ಸಂಗತಿಯನ್ನು ತಿಳಿದುಕೊಂಡರೆ ಬೀಜವನ್ನು ಏಕೆ ನೆನೆಸಬೇಕು, ಸಸಿಗಳನ್ನು ಏಕೆ ಕಿತ್ತು ತೆಳುಗೊಳಿಸಬೇಕು ಎಂಬ ಪ್ರಶ್ನೆಗಳಿಗೆಲ್ಲ ಉತ್ತರ ತಾನಾಗಿಯೇ ದೊರೆಯುತ್ತದೆ.

ನಮ್ಮ ಮಾರುಕಟ್ಟೆಗಳಲ್ಲಿ ಪಾಲಕ್ ಎಂದು ಮಾರಾಟವಾಗುವ ಸೊಪ್ಪು ಹೆಚ್ಚಾಗಿ ಬೀಟ್‌ರೂಟ್‌ನ ಒಡಹುಟ್ಟು. ಎರಡೂ ಬೀಟಾ ವಲ್ಗ್ಯಾರಿಸ್ ಎಂಬ ಒಂದೇ ಪ್ರಭೇದಕ್ಕೆ ಸೇರಿದವು. ಇಂಗ್ಲಿಷ್ ಕೈಪಿಡಿಗಳು ಸ್ಪಿನಾಚ್ ಎನ್ನುವುದು ಸ್ಪಿನೇಸಿಯಾ ಒಲೆರೇಸಿಯಾ ಎಂಬ ಬೇರೆಯೇ ಗಿಡವನ್ನು. ದಂಟು, ಹರಿವೆಗಳನ್ನೂ ಒಳಗೊಂಡ ದೊಡ್ಡ ಕುಟುಂಬಕ್ಕೆ ಇವೆರಡೂ ಸೇರಿವೆಯಾದರೂ ಸ್ವಭಾವದಲ್ಲಿ ಅಂತರವಿದೆ. ವಿಲಾಯಿತಿ ಪಾಲಕ್ ತಂಪನ್ನು ಬಯಸುತ್ತದೆ, ಬಿಸಿಲು ಏರಿದೊಡನೆ ಹೂದಂಟು ಬಿಡುತ್ತದೆ; ನಮ್ಮ ಪಾಲಕ್ ಸೆಕೆಯನ್ನು ಸಾಕಷ್ಟು ತಡೆದುಕೊಂಡು, ಕೊಯ್ದ ಮೇಲೆ ಮತ್ತೆ ಮತ್ತೆ ಚಿಗುರುತ್ತದೆ. ಆದ್ದರಿಂದ ಬೀಜ ಕೊಳ್ಳುವಾಗ ತಳಿಯ ಹೆಸರನ್ನು ಓದಿ ನೋಡುವುದು ಅಗತ್ಯ. ಆಲ್ ಗ್ರೀನ್, ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ ಪೂಸಾ ಜ್ಯೋತಿ, ಬೆಂಗಳೂರಿನ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಅನುಪಮಾ, ಈ ಮೂರೂ ಬೀಟ್ ಬಳಗದ ಪಾಲಕ್ ತಳಿಗಳು. ಕರ್ನಾಟಕದ ಮನೆಯಂಗಳಕ್ಕೂ ತಾರಸಿಗೂ ಇವೇ ಸರಿ ಎಂಬುದು ನನ್ನ ಅಭಿಪ್ರಾಯ. ಅಂದ ಹಾಗೆ, ಲಂಡನ್ನಿನಂತಹ ಊರುಗಳಲ್ಲಿ ನೆಲೆಸಿರುವ ಕನ್ನಡಿಗರು ಅಲ್ಲಿನ ಅಂಗಡಿಯ ಸ್ಪಿನಾಚ್ ಬೀಜವನ್ನು ಬಿತ್ತುವುದಾದರೆ ಮಾರ್ಚ್–ಏಪ್ರಿಲ್ ಅಥವಾ ಆಗಸ್ಟ್–ಸೆಪ್ಟೆಂಬರ್‌ನಲ್ಲಿ ಬಿತ್ತಬೇಕು. ಜೂನ್ ತಿಂಗಳಿನಲ್ಲಿ ಅಲ್ಲಿ ಹಗಲು 16 ಗಂಟೆಗೂ ಮೀರುತ್ತದೆ, ಮತ್ತು ಹಗಲು ಉದ್ದವಾದಷ್ಟೂ ಆ ಗಿಡ ಎಲೆಯನ್ನು ಬಿಟ್ಟು ಹೂವಿನ ಕಡೆಗೆ ತಿರುಗುತ್ತದೆ.

ಬೆಂಗಳೂರು, ಮೈಸೂರಿನ ಹವೆಯಲ್ಲಿ ವರ್ಷವಿಡೀ ಪಾಲಕ್ ಬೆಳೆಯಬಹುದು. ಆದರೆ ಮಳೆ ಇಳಿಮುಖವಾದ ಮೇಲೆ, ಅಕ್ಟೋಬರ್‌ನಿಂದ ಫೆಬ್ರವರಿಯವರೆಗೆ ಬರುವ ಸೊಪ್ಪಿನ ಅಗಲ ಮತ್ತು ಮೃದುತ್ವ ಬೇರೆ ಕಾಲದಲ್ಲಿ ಬಾರದು. ಕಲಬುರಗಿ, ರಾಯಚೂರಿನ ಕಡೆ ಬೇಸಿಗೆಯ ಬಿತ್ತನೆಯನ್ನು ಕೈಬಿಡುವುದೇ ಲೇಸು. ಕರಾವಳಿ ಮತ್ತು ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯ ಹೊಡೆತಕ್ಕೆ ಎಳೆಯ ಸಸಿಗಳು ನೆಲಕ್ಕೊರಗಿ ಕೊಳೆಯುವುದರಿಂದ ಸೂರಿನಡಿಯಲ್ಲಿ, ಬೆಳಕು ಬೀಳುವ ಕಡೆ ಕುಂಡಗಳನ್ನು ಇಡಬೇಕಾಗುತ್ತದೆ.

ಪಾಲಕ್‌ಗೆ ಆಳಕ್ಕಿಂತ ಅಗಲ ಮುಖ್ಯ. ಸುಮಾರು 20 ಸೆಂಟಿಮೀಟರ್ ಆಳವಿರುವ ಯಾವುದೇ ಅಗಲವಾದ ಕುಂಡ, ಚೀಲ, ಹಳೆಯ ಟಬ್ಬು ಅಥವಾ ಹಣ್ಣಿನ ಕ್ರೇಟು ಸಾಕು. ತಳದಲ್ಲಿ ನೀರು ಬಸಿದು ಹೋಗುವ ತೂತುಗಳು ಮಾತ್ರ ಇರಲೇಬೇಕು. ಕೆಂಪು ಮಣ್ಣು ಒಂದು ಪಾಲು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಅಥವಾ ಎರೆಹುಳು ಗೊಬ್ಬರ ಒಂದು ಪಾಲು, ತೊಳೆದ ತೆಂಗಿನ ನಾರಿನ ಪುಡಿ ಒಂದು ಪಾಲು ಸೇರಿಸಿ, ಒಂದು ಬಕೆಟ್ ಮಿಶ್ರಣಕ್ಕೆ ಒಂದು ಹಿಡಿ ಬೇವಿನ ಹಿಂಡಿಯನ್ನು ಬೆರೆಸಿದರೆ ಹದವಾದ ಮಣ್ಣು ಸಿದ್ಧವಾಗುತ್ತದೆ. ಹಿಡಿಯಲ್ಲಿ ಅದುಮಿದಾಗ ಉಂಡೆಯಾಗಿ, ಬೆರಳಿನಿಂದ ತಟ್ಟಿದೊಡನೆ ಪುಡಿಯಾಗಿ ಉದುರಬೇಕು. ಉದುರದೆ ಅಂಟಿಕೊಂಡರೆ ಇನ್ನಷ್ಟು ನಾರಿನ ಪುಡಿ ಬೇಕು ಎಂದರ್ಥ. ಹಸಿ ಸಗಣಿಯನ್ನು ಎಂದಿಗೂ ಬೆರೆಸಬಾರದು. ಅದು ಕಳಿಯುವಾಗ ಹುಟ್ಟುವ ಕಾವಿಗೆ ಎಳೆಯ ಬೇರುಗಳು ಸುಟ್ಟುಹೋಗುತ್ತವೆ, ಮೇಲಾಗಿ ನೆಲಕ್ಕೆ ತಾಗಿಕೊಂಡೇ ಬೆಳೆಯುವ ಸೊಪ್ಪಿಗೆ ಅದರ ಸೋಂಕೂ ತಗಲುತ್ತದೆ.

ಬಿತ್ತುವ ಹಿಂದಿನ ರಾತ್ರಿ ಬೀಜದ ಉಂಡೆಗಳನ್ನು ಉಗುರುಬೆಚ್ಚಗಿನ ನೀರಿನಲ್ಲಿ ನೆನೆಹಾಕಬೇಕು. ಬೆಳಿಗ್ಗೆ ನೋಡಿದರೆ ನೀರು ತೆಳುವಾದ ಚಹಾದ ಬಣ್ಣಕ್ಕೆ ತಿರುಗಿರುತ್ತದೆ. ಉಂಡೆಯ ಬೆಂಡಿನಂತಹ ಹೊರಪದರದಲ್ಲಿ ಮೊಳಕೆಯನ್ನು ತಡೆಹಿಡಿಯುವ ಪದಾರ್ಥಗಳಿದ್ದು, ಅವು ನೀರಿನಲ್ಲಿ ಕರಗಿ ಹೊರಬರುವುದರಿಂದ ಆ ನೀರನ್ನು ಚೆಲ್ಲಿ, ಬೀಜವನ್ನು ಮತ್ತೊಮ್ಮೆ ತೊಳೆದು, ಬಟ್ಟೆಯ ಮೇಲೆ ಹರಡಿ ತೇವವನ್ನು ಆರಿಸಿಕೊಳ್ಳಬೇಕು. ಪೊಟ್ಟಣದ ಬೀಜ ಗುಲಾಬಿ ಅಥವಾ ನೀಲಿ ಬಣ್ಣದಲ್ಲಿದ್ದರೆ ಅದಕ್ಕೆ ಶಿಲೀಂಧ್ರನಾಶಕ ಲೇಪಿಸಲಾಗಿದೆ ಎಂದು ತಿಳಿಯಬೇಕು. ಅಂತಹ ಬೀಜವನ್ನು ಅಡುಗೆಮನೆಯ ಪಾತ್ರೆಯಲ್ಲಿ ನೆನೆಸಬಾರದು, ಬರಿಗೈಯಲ್ಲಿ ಮುಟ್ಟಲೂಬಾರದು.

ಮಣ್ಣಿನ ಮೇಲೆ ಬೆರಳಿನಿಂದ 15 ಸೆಂಟಿಮೀಟರ್ ಅಂತರದಲ್ಲಿ ಸಾಲು ಎಳೆದು, ಸಾಲಿನಲ್ಲಿ ಎರಡು ಬೆರಳಿನಗಲಕ್ಕೆ ಒಂದರಂತೆ ಉಂಡೆಗಳನ್ನು ಇಟ್ಟು, ಒಂದೂವರೆ ಸೆಂಟಿಮೀಟರ್‌ನಷ್ಟು ಪುಡಿಮಣ್ಣನ್ನು ಮುಚ್ಚಿ, ಜರಡಿ ಬಾಯಿಯ ಕ್ಯಾನಿನಿಂದ ಮೆಲ್ಲನೆ ನೀರು ಹನಿಸಬೇಕು. ಒಂದು ಚದರ ಮೀಟರ್ ಜಾಗಕ್ಕೆ ಸುಮಾರು 3 ಗ್ರಾಂ ಬೀಜ ಸಾಕಾಗುತ್ತದೆ. ಮೊಳಕೆ ಕಾಣಲು 5ರಿಂದ 10 ದಿನ ಬೇಕು, ಮತ್ತು ಇಡೀ ಬೆಳೆಯಲ್ಲಿ ಸೋಲು ಹೆಚ್ಚಾಗಿ ಸಂಭವಿಸುವುದು ಇದೇ ದಿನಗಳಲ್ಲಿ. ನಾನು ಮೊದಲ ಬಾರಿ ಏಪ್ರಿಲ್‌ನಲ್ಲಿ ತಾರಸಿಯ ಬಯಲು ಬಿಸಿಲಿನಲ್ಲಿ ಬಿತ್ತಿದಾಗ ಬೆಳಿಗ್ಗೆ ಒಮ್ಮೆ ನೀರು ಹಾಕಿ ಸುಮ್ಮನಾಗಿದ್ದೆ. ಹತ್ತು ದಿನ ಕಳೆದರೂ ಏನೂ ಮೇಲೇಳದಿದ್ದಾಗ ಕಡ್ಡಿಯಿಂದ ಕೆದಕಿದರೆ, ಮೇಲ್ಮಣ್ಣು ಹಪ್ಪಳದಂತೆ ಗಟ್ಟಿಯಾಗಿ ಎದ್ದುಬಂತು. ಅದರಡಿಯಲ್ಲಿ ಬಿಳಿಯ ಎಳೆ ಮೊಳಕೆಗಳು ಹೊರಬರುವ ದಾರಿ ಕಾಣದೆ ಮಡಚಿಕೊಂಡು ಒಣಗಿದ್ದವು. ಬೀಜದಲ್ಲಿ ದೋಷವಿರಲಿಲ್ಲ. ಅಂದಿನಿಂದ ಬಿತ್ತಿದ ಸಾಲಿನ ಮೇಲೆ ನೆನೆಸಿದ ಗೋಣಿಚೀಲವನ್ನು ಹೊದಿಸಿ, ನಾಲ್ಕನೆಯ ದಿನದಿಂದ ಅದನ್ನು ದಿನವೂ ಎತ್ತಿ ನೋಡಿ, ಮೊದಲ ಮೊಳಕೆ ಕಂಡ ಕೂಡಲೇ ತೆಗೆಯುವುದನ್ನು ರೂಢಿಸಿಕೊಂಡಿದ್ದೇನೆ. ಒಂದು ದಿನ ತಡವಾದರೂ ಸಸಿಗಳು ಬೆಳಕಿಗಾಗಿ ಸೊರಗಿ ಉದ್ದವಾಗುತ್ತವೆ ಎಂಬುದು ಗಮನದಲ್ಲಿರಲಿ.

ಮೊದಲು ಕಾಣಿಸುವ ಜೋಡಿ ಎಲೆಗಳು ಪಾಲಕ್‌ನಂತೆ ಇರುವುದೇ ಇಲ್ಲ. ಕಿರಿದಾಗಿ, ಉದ್ದವಾಗಿ ಹುಲ್ಲಿನ ಮೊಳಕೆಯನ್ನು ನೆನಪಿಸುವುದರಿಂದ ಹಲವರು ಕಳೆಯೆಂದು ಕಿತ್ತುಬಿಡುವುದುಂಟು. ಎಂಟು ಹತ್ತು ದಿನಗಳಲ್ಲಿ ನಡುವಿನಿಂದ ದುಂಡನೆಯ ನಿಜವಾದ ಎಲೆಗಳು ಮೂಡುತ್ತವೆ. ಆಗ ಬಗ್ಗಿ ಹತ್ತಿರದಿಂದ ನೋಡಿದರೆ ಒಂದೇ ಉಂಡೆಯಿಂದ ಎರಡೋ ಮೂರೋ ಸಸಿಗಳು ಒಂದೇ ತೂತಿನಲ್ಲಿ ಭುಜಕ್ಕೆ ಭುಜ ತಾಗಿಸಿ ನಿಂತಿರುವುದು ಕಾಣುತ್ತದೆ. ಇವನ್ನೆಲ್ಲ ಉಳಿಸಿಕೊಳ್ಳುವ ಆಸೆ ಸಹಜ, ಆದರೆ ಉಳಿಸಿಕೊಂಡರೆ ಯಾವುದೂ ದಷ್ಟಪುಷ್ಟವಾಗುವುದಿಲ್ಲ; ಎಲೆಗಳು ಹೆಬ್ಬೆರಳಿನ ಗಾತ್ರಕ್ಕೇ ನಿಂತು, ಗಾಳಿಯಾಡದೆ ಬುಡ ಕೊಳೆಯುತ್ತದೆ. ಪ್ರತಿ ಗುಂಪಿನಲ್ಲಿ ಬಲವಾದ ಒಂದನ್ನು ಬಿಟ್ಟು ಉಳಿದವನ್ನು ತೆಗೆಯಬೇಕು. ಕೀಳುವಾಗ ಉಳಿಯಬೇಕಾದ ಸಸಿಯ ಬೇರೂ ಅಲುಗುವುದರಿಂದ ಸಣ್ಣ ಕತ್ತರಿಯಿಂದ ಮಣ್ಣಿನ ಮಟ್ಟಕ್ಕೆ ಕತ್ತರಿಸುವುದೇ ಉತ್ತಮ. ಹತ್ತು ದಿನ ಬಿಟ್ಟು ಇನ್ನೊಮ್ಮೆ ತೆಳುಗೊಳಿಸಿ, ಗಿಡದಿಂದ ಗಿಡಕ್ಕೆ 8ರಿಂದ 10 ಸೆಂಟಿಮೀಟರ್ ಅಂತರ ಬರುವಂತೆ ಮಾಡಬೇಕು. ಎರಡನೆಯ ಸಲ ತೆಗೆದ ಸಸಿಗಳು ವ್ಯರ್ಥವಲ್ಲ. ತೊಳೆದು ತೊವ್ವೆಗೆ ಹಾಕಿದರೆ ಅದೇ ಮೊದಲ ಫಸಲು. ಬೀಜಕ್ಕೆ ಲೇಪನವಿದ್ದರೆ ಮಾತ್ರ ಈ ಎಳೆಯ ಸಸಿಗಳನ್ನು ತಿನ್ನದೆ ಬಿಡುವುದು ಒಳ್ಳೆಯದು.

ದಿನಕ್ಕೆ ನಾಲ್ಕೈದು ಗಂಟೆಯ ಬಿಸಿಲು ಸಾಕು. ಬೇಸಿಗೆಯ ಮಧ್ಯಾಹ್ನ ನೆರಳು ಪರದೆ ಕಟ್ಟಬೇಕು. ನೀರನ್ನು ಬೆಳಗಿನ ಹೊತ್ತು ಬುಡಕ್ಕೆ ಹಾಕಬೇಕೇ ಹೊರತು ಸಂಜೆ ಎಲೆಯ ಮೇಲೆ ಸುರಿಯಬಾರದು, ಏಕೆಂದರೆ ರಾತ್ರಿಯಿಡೀ ಒದ್ದೆಯಾಗಿರುವ ಎಲೆಯೇ ಎಲೆಚುಕ್ಕೆ ರೋಗಕ್ಕೆ ತವರು. ಪಾಲಕ್‌ನ ಹಸಿವು ಮುಖ್ಯವಾಗಿ ಸಾರಜನಕದ್ದು. ಹಳೆಯ, ಕೆಳಗಿನ ಎಲೆಗಳು ಒಟ್ಟಾರೆ ಹಳದಿಗೆ ತಿರುಗಿದರೆ ಅದರ ಕೊರತೆಯೆಂದು ತಿಳಿಯಬಹುದು. ಇಪ್ಪತ್ತನೆಯ ದಿನಕ್ಕೊಮ್ಮೆ, ಅನಂತರ ಪ್ರತಿ ಕೊಯ್ಲಿನ ಮರುದಿನ ಗಿಡಗಳ ನಡುವೆ ಒಂದೊಂದು ಹಿಡಿ ಎರೆಹುಳು ಗೊಬ್ಬರ ಹಾಕಿ ಮಣ್ಣನ್ನು ಹಗುರವಾಗಿ ಕೆದಕಿದರೆ ಸಾಕು. ಜೀವಾಮೃತ ಬಳಸುವವರು ಹತ್ತು ಪಾಲು ನೀರಿನಲ್ಲಿ ತೆಳುಗೊಳಿಸಿ, ಎಲೆಗೆ ಸಿಡಿಯದಂತೆ, ಕೊಯ್ದ ಕೂಡಲೇ ಬುಡಕ್ಕೆ ಕೊಡಬೇಕು.

ಎಲೆಯ ಮೇಲೆ ಬಿಳಿಯ ಗೆರೆಗಳು ಸುತ್ತಿ ಸುತ್ತಿ ಹರಿದಿದ್ದರೆ ಅದು ರಂಗೋಲಿ ಹುಳುವಿನ ಕೆಲಸ. ಹುಳು ಎಲೆಯ ಎರಡು ಪದರಗಳ ನಡುವೆ ಇರುವುದರಿಂದ ಮೇಲೆ ಏನು ಸಿಂಪಡಿಸಿದರೂ ಅದಕ್ಕೆ ಸುಲಭವಾಗಿ ತಟ್ಟುವುದಿಲ್ಲ. ಆ ಎಲೆಗಳನ್ನು ಕಂಡಕೂಡಲೇ ಕಿತ್ತು ನಾಶಪಡಿಸುವುದೇ ಮನೆಯ ಮಟ್ಟಿಗೆ ನಿಜವಾದ ಪರಿಹಾರ. ಸಸ್ಯಹೇನುಗಳು ಎಲೆಯ ಅಡಿಯಲ್ಲಿ ಕಂಡರೆ ನೀರಿನ ರಭಸದಿಂದ ತೊಳೆದುಹಾಕಿ, ಮತ್ತೆ ಬಂದರೆ ಒಂದು ಲೀಟರ್ ನೀರಿಗೆ 3ರಿಂದ 5 ಮಿಲಿಲೀಟರ್ ಬೇವಿನ ಎಣ್ಣೆಯನ್ನು ಸ್ವಲ್ಪ ಸೋಪಿನ ದ್ರಾವಣದೊಂದಿಗೆ ಕಲಕಿ ಸಂಜೆ ಸಿಂಪಡಿಸಬಹುದು. ಸಿಂಪಡಿಸಿದ ಮೇಲೆ ಒಂದು ವಾರ ಕೊಯ್ಯದಿದ್ದರೆ ಒಳ್ಳೆಯದು, ಇಲ್ಲವಾದರೆ ಸೊಪ್ಪಿಗೆ ಕಹಿ ಹತ್ತುತ್ತದೆ. ಮಳೆಗಾಲದ ಬಸವನಹುಳುಗಳನ್ನು ರಾತ್ರಿ ಟಾರ್ಚ್ ಹಿಡಿದು ಆರಿಸಿ ತೆಗೆಯಬೇಕಷ್ಟೆ.

ಬಿತ್ತಿದ 30ರಿಂದ 40 ದಿನಗಳಲ್ಲಿ ಎಲೆಗಳು ಅಂಗೈಯಷ್ಟು ಅಗಲವಾಗಿ ಮೊದಲ ಕೊಯ್ಲಿಗೆ ಬರುತ್ತವೆ. ಮಾರುಕಟ್ಟೆಯ ಕಟ್ಟಿನಲ್ಲಿ ಬೇರುಸಹಿತ ಗಿಡವನ್ನು ನೋಡಿ ಅಭ್ಯಾಸವಾದವರು ಮನೆಯಲ್ಲಿಯೂ ಬುಡಸಮೇತ ಕಿತ್ತುಬಿಡುತ್ತಾರೆ. ಹಾಗೆ ಮಾಡಿದರೆ ಮುಂದಿನ ಎರಡು ಮೂರು ತಿಂಗಳ ಸೊಪ್ಪನ್ನು ಒಂದೇ ದಿನಕ್ಕೆ ಮುಗಿಸಿದಂತೆ. ಗಿಡದ ನಡುವೆ, ಬುಡದ ಹತ್ತಿರ, ಎಳೆಯ ಎಲೆಗಳು ಮಡಚಿಕೊಂಡಿರುವ ಚಿಗುರಿನ ಸುಳಿಯೊಂದಿರುತ್ತದೆ. ಅದನ್ನು ಮುಟ್ಟದೆ, ಹೊರಸುತ್ತಿನ ಎಲೆಗಳನ್ನು ತೊಟ್ಟಿನ ಬುಡದಲ್ಲಿ ಹಿಡಿದು ಪಕ್ಕಕ್ಕೆ ತಿರುವಿದರೆ ಚಟ್ಟೆಂದು ಬಿಡಿಸಿಬರುತ್ತವೆ. ಒಮ್ಮೆಗೇ ಹೆಚ್ಚು ಸೊಪ್ಪು ಬೇಕಾದ ದಿನ ನೆಲದಿಂದ 4 ಸೆಂಟಿಮೀಟರ್ ಮೇಲಕ್ಕೆ ಹರಿತವಾದ ಕತ್ತರಿಯಿಂದ ಸವರಬಹುದು. ಎರಡರಲ್ಲಿ ಮೊದಲನೆಯದೇ ನನಗೆ ಮೆಚ್ಚು, ಏಕೆಂದರೆ ಎಲೆಯಿಲ್ಲದೆ ಗಿಡ ಒಂದು ದಿನವೂ ಸೊರಗುವುದಿಲ್ಲ. ಹೀಗೆ 15ರಿಂದ 20 ದಿನಗಳಿಗೊಮ್ಮೆ, ಆರೈಕೆ ಚೆನ್ನಾಗಿದ್ದರೆ ನಾಲ್ಕೈದು ಸಲ ಕೊಯ್ಯಬಹುದು. ಎರಡು ಕುಂಡಗಳಿದ್ದರೆ ಎರಡನ್ನೂ ಒಂದೇ ದಿನ ಬಿತ್ತದೆ ಮೂರು ವಾರದ ಅಂತರ ಕೊಡುವುದರಿಂದ ಮನೆಗೆ ಸೊಪ್ಪು ತಪ್ಪುವುದಿಲ್ಲ.

ಬೆಳಿಗ್ಗೆ ಕೊಯ್ದ ಸೊಪ್ಪು ಬಾಡದೆ ಹೆಚ್ಚು ಹೊತ್ತು ಉಳಿಯುತ್ತದೆ. ಸಂಜೆಯೇ ಅಡುಗೆಗೆ ಬೇಕೆಂದಾದರೆ ಸಂಜೆಯೇ ಕೊಯ್ಯಬಹುದು, ಹಗಲಿನ ಬೆಳಕಿನಲ್ಲಿ ಎಲೆಯಲ್ಲಿನ ನೈಟ್ರೇಟ್ ಅಂಶ ತಗ್ಗಿರುತ್ತದೆ. ಪಾಲಕ್‌ನಲ್ಲಿ ಆಕ್ಸಲೇಟ್ ಹೆಚ್ಚು. ಮೂತ್ರಪಿಂಡದ ಕಲ್ಲಿನ ತೊಂದರೆಯಿರುವವರು ವೈದ್ಯರ ಸಲಹೆಯಂತೆ ಮಿತವಾಗಿ ತಿನ್ನಬೇಕು. ಉಳಿದವರೂ ಮೇಲಿಂದ ಮೇಲೆ ತಿನ್ನುವುದಾದರೆ ಬೇಯಿಸಿದ ನೀರನ್ನು ಬಸಿದು ಚೆಲ್ಲುವುದು ಒಳ್ಳೆಯದು.

ನಡುವಿನ ಸುಳಿ ಇದ್ದಕ್ಕಿದ್ದಂತೆ ಉದ್ದವಾಗಿ, ಹೊಸ ಎಲೆಗಳು ಕಿರಿದಾಗಿ ಮೊನಚಾಗತೊಡಗಿದರೆ ಗಿಡ ಹೂದಂಟು ಬಿಡುತ್ತಿದೆ ಎಂದು ತಿಳಿಯಬೇಕು. ಆ ಮೇಲೆ ಸೊಪ್ಪು ನಾರಾಗುತ್ತದೆ, ಕಹಿಯೂ ಹತ್ತುತ್ತದೆ. ದಂಟನ್ನು ಚಿವುಟಿ ಒಂದೆರಡು ವಾರ ಎಳೆಯಬಹುದೇ ಹೊರತು ಹಿಂದಿನ ರುಚಿ ಮರಳುವುದಿಲ್ಲ. ಬೀಜ ಬೇಕೆಂದವರು ಎರಡು ಮೂರು ಒಳ್ಳೆಯ ಗಿಡಗಳನ್ನು ಒಣಗುವವರೆಗೆ ಬಿಡಬಹುದು, ಆದರೆ ಗಾಳಿಯಿಂದ ಪರಾಗ ಹರಡುವ ಬೆಳೆಯಾದ್ದರಿಂದ ಹತ್ತಿರದಲ್ಲಿ ಬೀಟ್‌ರೂಟ್ ಹೂಬಿಟ್ಟಿದ್ದರೆ ತಳಿ ಬೆರೆತುಹೋಗುತ್ತದೆ. ಉಳಿದ ಗಿಡಗಳನ್ನು ಕಿತ್ತು, ಮಣ್ಣನ್ನು ಹರಡಿ ಎರಡು ಮೂರು ದಿನ ಬಿಸಿಲಿಗೆ ಒಣಗಿಸಿ, ಹೊಸ ಗೊಬ್ಬರ ಸೇರಿಸಿಕೊಳ್ಳಬೇಕು. ಅದೇ ಮಣ್ಣಿಗೆ ಕೂಡಲೇ ಪಾಲಕನ್ನಾಗಲಿ, ಅದರ ಬಂಧುಗಳಾದ ದಂಟು, ಹರಿವೆ, ಬೀಟ್‌ರೂಟನ್ನಾಗಲಿ ಹಾಕಿದರೆ ಹಿಂದಿನ ಬೆಳೆಯ ರೋಗ ಹಾಗೂ ಹುಳುಗಳು ಮುಂದುವರಿಯುತ್ತವೆ. ಬೇಳೆಕಾಳಿನ ಬಳಗಕ್ಕೆ ಸೇರಿದ ಮೆಂತ್ಯವನ್ನು ಒಂದು ಸಲ ಬಿತ್ತಿ, ಮೂರು ನಾಲ್ಕು ವಾರದಲ್ಲಿ ಆ ಸೊಪ್ಪನ್ನು ಕೊಯ್ದುಕೊಂಡ ಮೇಲೆ ಪಾಲಕ್‌ನ ಉಂಡೆಗಳನ್ನು ಮತ್ತೆ ನೆನೆಹಾಕಬಹುದು.