ಪಾಲಕ್ ಸ್ಮೂದಿ ಹುಲ್ಲು ಹುಲ್ಲು ಅನ್ನಿಸದ ಹಾಗೆ ಮಾಡೋದು ಹೇಗೆ

ಸೊಪ್ಪಿನ ಸ್ಮೂದಿ ಒಂದ್ಸಲ ಕುಡಿದು ಹಸಿ ವಾಸನೆ ಬರತ್ತೆ, ಬಾಯಿಗೆ ನಾರು ಸಿಗತ್ತೆ ಅಂತ ಬಿಟ್ಟೋರು ತುಂಬಾ ಜನ ಇದಾರೆ. ಬಹುಪಾಲು ಇದಕ್ಕೆ ಕಾರಣ ಎಲ್ಲಾನೂ ಒಟ್ಟಿಗೆ ಮಿಕ್ಸಿಗೆ ಸುರಿಯೋದು. ಸೊಪ್ಪು ಮೊದ್ಲು, ಹಣ್ಣು ಆಮೇಲೆ, ಇಷ್ಟು ನೆನಪಿಟ್ಕೊಳ್ಳಿ ಸಾಕು.

ಒಬ್ಬರಿಗೆ ಒಂದು ಹಿಡಿ ಎಳೇ ಪಾಲಕ್ ಸಾಕು, ಸುಮಾರು 30 ಗ್ರಾಂ. ಬೇರು, ದಪ್ಪ ದಂಟು ತೆಗೆದು ಎಲೆನ ಅಗಲವಾದ ಪಾತ್ರೆಲಿ ನೀರು ಹಾಕಿ ಜಾಲಿಸಿ, ಮಣ್ಣು ತಳಕ್ಕೆ ಕೂತ್ಮೇಲೆ ಎಲೆನ ಮೇಲಿಂದ ಎತ್ಕೊಳ್ಳಿ (ನೀರು ಬಗ್ಗಿಸಿದ್ರೆ ಮಣ್ಣು ವಾಪಸ್ ಎಲೆ ಮೇಲೇ ಬೀಳತ್ತೆ), ಹೀಗೆ ಮೂರು ಸಲ ಆದ್ರೂ ಮಾಡಿ, ಕೊನೆಗೆ ನಲ್ಲಿ ಕೆಳಗೆ ಹಿಡೀರಿ, ಯಾಕಂದ್ರೆ ಇದನ್ನ ಬೇಯಿಸದೆ ಕುಡೀತೀವಿ. ಹಸಿ ಬೇಡ ಅನ್ನೋರು, ಮಕ್ಕಳಿಗೆ ಕೊಡೋರು, ಕುದಿಯೋ ನೀರಲ್ಲಿ ಒಂದು ನಿಮಿಷ ಅದ್ದಿ ತಕ್ಷಣ ತಣ್ಣೀರಿಗೆ ಹಾಕಿ, ಬಣ್ಣ ಹಾಗೇ ಇರತ್ತೆ, ಆ ಬಿಸಿನೀರು ಮಾತ್ರ ಚೆಲ್ಬಿಡಿ.

ಈಗ ಎಲೆಗೆ ಅರ್ಧ ಲೋಟ ನೀರು ಹಾಕಿ ಒಂದು ಎಲೆ ಚೂರೂ ಕಾಣದ ಹಾಗೆ ರುಬ್ಬಿ. ಆಮೇಲೆ ಎರಡು ಚೆನ್ನಾಗಿ ಹಣ್ಣಾದ ಏಲಕ್ಕಿ ಬಾಳೆ, ನಾಲ್ಕು ಚಮಚ ಮೊಸರು, ನೆನೆಸಿ ಸಿಪ್ಪೆ ತೆಗೆದ ನಾಲ್ಕು ಬಾದಾಮಿ, ಅರ್ಧ ನಿಂಬೆಹಣ್ಣಿನ ರಸ ಹಾಕಿ ಇನ್ನೊಂದು ಸುತ್ತು ತಿರುಗಿಸಿದ್ರೆ ಆಯ್ತು. ಬಾಳೆ ಹಸಿ ವಾಸನೆ ಮುಚ್ಚತ್ತೆ. ನಿಂಬೆಯಲ್ಲಿರೋ ವಿಟಮಿನ್ ಸಿ ಇಂದ ಸೊಪ್ಪಿನ ಕಬ್ಬಿಣದ ಅಂಶ ಮೈಗೆ ಚೆನ್ನಾಗಿ ಹತ್ತತ್ತೆ, ಹಾಗಾಗಿ ನೆಲ್ಲಿಕಾಯಿ ಸಿಕ್ಕಿದ್ರೆ ಇನ್ನೂ ಒಳ್ಳೇದು. ಕುಡಿದ ತಕ್ಷಣ ಕಾಫಿ ಟೀ ಬೇಡ, ಅವು ಕಬ್ಬಿಣ ಹೀರಿಕೊಳ್ಳೋದನ್ನ ತಡೀತವೆ. ಬಾದಾಮಿ ಹಾಕೋದು ಬರೀ ರುಚಿಗಲ್ಲ, ಸೊಪ್ಪಿನ ಬೀಟಾ ಕ್ಯಾರೋಟಿನ್ (ಮೈಯಲ್ಲಿ ವಿಟಮಿನ್ ಎ ಆಗೋ ಅಂಶ) ಮೈಗೆ ಸೇರೋಕೆ ಸ್ವಲ್ಪ ಕೊಬ್ಬು ಬೇಕು. ದಯವಿಟ್ಟು ಸೋಸ್ಬೇಡಿ, ನಾರೆಲ್ಲ ಜರಡಿಲೇ ಉಳಿಯತ್ತೆ. ಸಕ್ಕರೆನೂ ಬೇಡ, ಸಿಹಿ ಸಾಲ್ದು ಅಂದ್ರೆ ಒಂದು ಖರ್ಜೂರ ಹಾಕಿ. ದಾಳಿಂಬೆ, ಬೀಟ್‌ರೂಟ್ ಇದರ ಜೊತೆ ಹಾಕಿದ್ರೆ ಕೆಸರಿನ ಬಣ್ಣ ಬರತ್ತೆ, ಮಕ್ಕಳು ಮುಟ್ಟಲ್ಲ, ಅದರ ಬದ್ಲು ಅನಾನಸ್ ಅಥವಾ ಮಾವು ಸರಿಯಾಗತ್ತೆ.

ಬೇರೆ ಸೊಪ್ಪುಗಳ ವಿಷಯಕ್ಕೆ ಬಂದ್ರೆ, ಮೆಂತ್ಯ ಕಹಿ, ಸಬ್ಬಸಿಗೆ ಹಣ್ಣಿನ ಜೊತೆ ಹೊಂದಲ್ಲ, ಬಸಳೆ ಲೋಳೆ ಲೋಳೆ ಆಗತ್ತೆ. ಪುದೀನ ನಾಲ್ಕೆಲೆ ಯಾವುದಕ್ಕೆ ಹಾಕಿದ್ರೂ ಚೆಂದ. ನುಗ್ಗೆಸೊಪ್ಪು ಆದ್ರೆ ಎಳೇ ಎಲೆ ಸ್ವಲ್ಪ ಆವಿಲಿ ಬೇಯಿಸಿ ಒಂದು ಚಮಚ ಮಾತ್ರ. ಒಂದೆಲಗಕ್ಕೆ ಹಣ್ಣೇ ಬೇಡ, ಮಲೆನಾಡು ಕರಾವಳಿ ಕಡೆ ತಂಬುಳಿ ಮಾಡ್ತಾರಲ್ಲ, ಹಸಿ ಎಲೆ, ಕಾಯಿತುರಿ, ಜೀರಿಗೆ, ಕಾಳುಮೆಣಸು ನುಣ್ಣಗೆ ರುಬ್ಬಿ ಮಜ್ಜಿಗೆ ಉಪ್ಪು ಬೆರೆಸೋದು, ಅದನ್ನೇ ಲೋಟಕ್ಕೆ ಹಾಕಿ ಕುಡೀರಿ, ನನ್ನ ಪ್ರಕಾರ ಬೇಸಿಗೆಗೆ ಅದಕ್ಕಿಂತ ಒಳ್ಳೇ ಸೊಪ್ಪಿನ ಸ್ಮೂದಿ ಇಲ್ಲ.

ಒಂದು ವಿಷಯ ಮಾತ್ರ ಗಂಭೀರವಾಗಿ ತಗೊಳ್ಳಿ. ಪಾಲಕ್‌ನಲ್ಲಿ ಆಕ್ಸಲೇಟ್ (ಕಿಡ್ನಿಲಿ ಕಲ್ಲು ಕಟ್ಟೋಕೆ ಕಾರಣ ಆಗೋ ಒಂದು ಅಂಶ) ಜಾಸ್ತಿ, ಹರಿವೆ ದಂಟಲ್ಲೂ ಇದೆ. ದಿನಾ ದೊಡ್ಡ ಲೋಟ ಹಸಿ ಪಾಲಕ್ ಕುಡಿಯೋದು ಕಿಡ್ನಿ ಸ್ಟೋನ್ ಆಗೋ ಪ್ರವೃತ್ತಿ ಇರೋರಿಗೆ ಒಳ್ಳೇದಲ್ಲ, ಅಂಥವರು ಡಾಕ್ಟರನ್ನ ಕೇಳದೆ ಶುರು ಮಾಡ್ಬೇಡಿ. ಉಳಿದವರೂ ವಾರದಲ್ಲಿ ಎರಡು ಮೂರು ದಿನ ಪಾಲಕ್ ಇಟ್ಕೊಂಡು ಮಿಕ್ಕ ದಿನ ಸೊಪ್ಪು ಬದಲಾಯಿಸಿ. ಬಿಸಿನೀರಲ್ಲಿ ಅದ್ದಿ ಆ ನೀರು ಚೆಲ್ಲಿದ್ರೆ ಆಕ್ಸಲೇಟ್ ಸ್ವಲ್ಪ ಕಮ್ಮಿ ಆಗತ್ತೆ, ಮೊಸರಿನ ಕ್ಯಾಲ್ಸಿಯಂ ಕೂಡ ಅದನ್ನ ಹೊಟ್ಟೆಲೇ ಹಿಡ್ಕೊಳ್ಳತ್ತೆ. ರಕ್ತ ತೆಳು ಮಾಡೋ ವಾರ್ಫರಿನ್ ಮಾತ್ರೆ ತಗೊಳ್ಳೋರು ಕೂಡ ಡಾಕ್ಟರ್ ಹತ್ರ ಮಾತಾಡಿ, ಸೊಪ್ಪಿನ ವಿಟಮಿನ್ ಕೆ ಇಂದ ಮಾತ್ರೆಯ ಪರಿಣಾಮ ಏರುಪೇರಾಗತ್ತೆ.

ಬೆಳಿಗ್ಗೆ ಟೈಮಿಲ್ಲ ಅನ್ನೋರು ಭಾನುವಾರನೇ ಬಿಸಿನೀರಲ್ಲಿ ಅದ್ದಿದ ಪಾಲಕ್ ರುಬ್ಬಿ ಐಸ್ ಟ್ರೇಲಿ ಹಾಕಿ ಫ್ರೀಜರ್‌ಗೆ ಇಡಿ, ಪಾಲಕ್ ಕುಡಿಯೋ ದಿನ ಎರಡು ಕ್ಯೂಬ್ ತೆಗೆದು ಹಣ್ಣಿನ ಜೊತೆ ಹಾಕಿದ್ರೆ ಮುಗೀತು, ಐಸೂ ಬೇಕಾಗಲ್ಲ.